ಆಸ್ಪತ್ರೆ ಸಿಬ್ಬಂದಿಗೆ ಯಾವ ಎನ್95? ತ್ರೀಎಂ 1860, 1870+ ಮತ್ತು ಕಿವಿಪಟ್ಟಿ ಮಾಸ್ಕ್‌ಗಳ ವಿಮರ್ಶೆ

ಎನ್95 ಮಾಸ್ಕ್‌ಗೆ ಇಂಡೆಂಟ್ (ಬೇಡಿಕೆ ಪತ್ರ) ಹಾಕುವಾಗ ಎಲ್ಲರ ಕಣ್ಣೂ ಸೋಸುವ ಶೇಕಡಾವಾರಿನ ಮೇಲೆ. ಮಾಸ್ಕ್ ಅಸಲಿಯಾಗಿದ್ದರೆ ಆ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಪಾಯ ಇರುವುದು ಮೂಗಿನ ಪಕ್ಕದ ಸಂದಿಯಲ್ಲಿ, ಮಾಸ್ಕ್ ಬಿಚ್ಚುವ ಕೈಯಲ್ಲಿ, ಮಾಸ್ಕ್ ತೆಗೆದಿಟ್ಟು ಚಹಾ ಕುಡಿಯುವ ಇಕ್ಕಟ್ಟಿನ ಕೋಣೆಯಲ್ಲಿ. ಹಾಗಾಗಿ ಇಲ್ಲಿ ಪ್ರತಿ ಮಾಸ್ಕ್‌ಗೂ ಕೇಳಿರುವುದು ಎರಡೇ ಪ್ರಶ್ನೆ: ವಾರ್ಡಿನ ಬೇರೆ ಬೇರೆ ಮುಖಗಳಿಗೆ ಅಂಚು ಕೂರುತ್ತದೆಯೇ? ಶಿಫ್ಟ್ ಮುಗಿದ ಮೇಲೆ, ದಣಿದ ಕೈಗಳಿಂದಲೂ ಸುರಕ್ಷಿತವಾಗಿ ಬಿಚ್ಚಲು ಬರುತ್ತದೆಯೇ?

ಇದು ಸಣ್ಣ ವಿಷಯವಲ್ಲ. 2003ರಲ್ಲಿ ಹರಡಿದ ಸಾರ್ಸ್ ಎಂಬ ಉಸಿರಾಟದ ಸೋಂಕಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದ 8,096 ರೋಗಿಗಳ ಪೈಕಿ 1,706 ಮಂದಿ ಆರೋಗ್ಯ ಸಿಬ್ಬಂದಿ. ಅಂದರೆ ಐವರಲ್ಲಿ ಒಬ್ಬರು. ಕೋವಿಡ್‌ನಲ್ಲಿ 2020ರ ಜನವರಿಯಿಂದ 2021ರ ಮೇ ತನಕ ಜಗತ್ತಿನಾದ್ಯಂತ 80,000ದಿಂದ 1,80,000 ಆರೋಗ್ಯ ಸಿಬ್ಬಂದಿ ತೀರಿಕೊಂಡಿರಬಹುದು ಎಂಬುದು ಅದೇ ಸಂಸ್ಥೆಯ ಅಂದಾಜು. ನಮ್ಮಲ್ಲಿಯೂ ಅಷ್ಟೇ: 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ದಾಖಲಾದ ಕೆಲವೇ ದಿನಗಳಲ್ಲಿ, ಆ ರೋಗಿಗೆ ಚಿಕಿತ್ಸೆ ಕೊಟ್ಟ ವೈದ್ಯರಿಗೂ ಸೋಂಕು ದೃಢಪಟ್ಟಿತು.

ಯಾರಿಗೆ ಎನ್95 ಕೊಡಬೇಕು ಎಂಬ ವಿಚಾರದಲ್ಲಿ ಒಂದು ಹಳೆಯ ನಂಬಿಕೆ ಇನ್ನೂ ಉಳಿದಿದೆ: ಗಂಟಲಿಗೆ ಉಸಿರಿನ ಕೊಳವೆ ಹಾಕುವ ಅರಿವಳಿಕೆ ತಜ್ಞರಿಗೆ, ಐಸಿಯು ನರ್ಸ್‌ಗಳಿಗೆ ಎನ್95, ವಾರ್ಡ್ ಆಯಾಗಳಿಗೆ, ಕಸ ಒಯ್ಯುವವರಿಗೆ ಸರ್ಜಿಕಲ್ ಮಾಸ್ಕ್ ಸಾಕು ಎಂಬುದು. ಇದು ತಪ್ಪು. ಅರಿವಳಿಕೆ ಕೊಟ್ಟು ಕೊಳವೆ ಹಾಕುವಾಗ ಗಾಳಿಗೆ ಸೇರುವ ಕಣಗಳನ್ನು ಅಳೆದು ನೋಡಿದಾಗ, ಒಂದು ಸಾಮಾನ್ಯ ಕೆಮ್ಮು ಅದಕ್ಕಿಂತ ಹೆಚ್ಚು ಕಣ ಹೊರಹಾಕುತ್ತದೆ ಎಂಬುದು ತಿಳಿದುಬಂತು. ಕೆಮ್ಮುವ ರೋಗಿಯ ಹಾಸಿಗೆ ಸರಿಪಡಿಸುವ ಆಯಾ, ಆಕ್ಸಿಜನ್ ಮಾಸ್ಕ್ ಕೂರಿಸುವ ನರ್ಸ್, ಮೂಗಿನಿಂದ ಸ್ವಾಬ್ ತೆಗೆಯುವ ಲ್ಯಾಬ್ ಟೆಕ್ನೀಷಿಯನ್, ಎಕ್ಸ್‌ರೇ ಪ್ಲೇಟ್ ಬೆನ್ನಿಗಿಡುವವರು ಎಲ್ಲರೂ ರೋಗಿಯ ಬಾಯಿಯಿಂದ ಒಂದು ಮೊಳದೊಳಗೇ ಇರುತ್ತಾರೆ. ಯಾರಿಗೆ ಯಾವ ಮಾಸ್ಕ್ ಎಂದು ತೀರ್ಮಾನಿಸುವಾಗ ಹುದ್ದೆ ನೋಡಬೇಡಿ. ಯಾರು, ಎಷ್ಟು ಹೊತ್ತು, ಎಷ್ಟು ಹತ್ತಿರ ಇರುತ್ತಾರೆ ಎಂಬುದನ್ನು ನೋಡಿ.

ಬಟ್ಟಲಿನಾಕಾರದ 1860

ಆಸ್ಪತ್ರೆಗಳಿಗೆಂದೇ ಮಾಡಿದ ಎನ್95ಗಳಲ್ಲಿ ಹೆಚ್ಚು ಕಾಣಸಿಗುವುದು ತ್ರೀಎಂ ಕಂಪನಿಯ ಇದೇ ಮಾದರಿ. ಹಸಿರು-ನೀಲಿ ಬಣ್ಣ, ಗಟ್ಟಿ ಬಟ್ಟಲು, ತಲೆಯ ಹಿಂದೆ ಹೋಗುವ ಎರಡು ಎಲಾಸ್ಟಿಕ್ ಪಟ್ಟಿ, ಮೂಗಿನ ಮೇಲೆ ಲೋಹದ ಕಂಬಿ, ಅದರ ಒಳಬದಿಗೆ ಮೆತ್ತನೆಯ ಫೋಮ್. ಉಸಿರು ಬಿಡುವ ಕವಾಟ ಇಲ್ಲ, ಅದು ಒಳ್ಳೆಯದೇ. ಚಿಮ್ಮುವ ರಕ್ತ, ದ್ರವವನ್ನು 120 ಮಿಲಿಮೀಟರ್ ಪಾದರಸದ ಒತ್ತಡದವರೆಗೆ ತಡೆಯುವ ಪರೀಕ್ಷೆ ಪಾಸಾಗಿದೆ. ಇದೇ ಕಂಪನಿಯ 8210 ನೋಡಲು ಇದರ ಅಣ್ಣನಂತಿದ್ದು ಸೋಸುವುದರಲ್ಲಿ ಕಡಿಮೆಯಿಲ್ಲ, ಆದರೆ ಅದು ಕಾರ್ಖಾನೆಗಾಗಿ ಮಾಡಿದ್ದು. ದ್ರವ ತಡೆಯುವ ಭರವಸೆ ಅದಕ್ಕಿಲ್ಲ. ಆಪರೇಷನ್ ಥಿಯೇಟರಿಗೂ ಹೆರಿಗೆ ಕೋಣೆಗೂ 8210 ಬೇಡ, ತೀರಾ ಬೇಕಾದರೆ ಮೇಲೆ ಫೇಸ್ ಶೀಲ್ಡ್ ಇರಲಿ.

1860ರ ದೊಡ್ಡ ಗುಣ ಅದರ ಬಟ್ಟಲು. ಬೆವರು ಬಂದರೂ, ಜೋರಾಗಿ ಉಸಿರೆಳೆದರೂ ಬಾಯಿಗೆ ಅಂಟುವುದಿಲ್ಲ. ಆ ಬಟ್ಟಲೇ ಇದರ ಮಿತಿಯೂ ಹೌದು. ಗಟ್ಟಿ ಅಂಚು ಮುಖಕ್ಕೆ ತಕ್ಕಂತೆ ಬಾಗುವುದಿಲ್ಲ, ಮುಖವೇ ಅದಕ್ಕೆ ಹೊಂದಬೇಕು. ಸಣ್ಣ ಗಲ್ಲ, ತಗ್ಗಾದ ಮೂಗಿನ ದಂಡೆ ಇರುವವರಿಗೆ ಮಾಮೂಲಿ ಅಳತೆ ದೊಡ್ಡದಾಗುತ್ತದೆ. ಅದಕ್ಕೆಂದೇ 1860ಎಸ್ ಎಂಬ ಚಿಕ್ಕ ಅಳತೆ ಇದೆ. ನರ್ಸಿಂಗ್ ಸಿಬ್ಬಂದಿಯಲ್ಲಿ ಬಹುಪಾಲು ಹೆಣ್ಣುಮಕ್ಕಳೇ ಇರುವ ಆಸ್ಪತ್ರೆಗೆ ಒಂದೇ ಅಳತೆಯ ಪೆಟ್ಟಿಗೆಗಳನ್ನು ತರಿಸುವುದೆಂದರೆ, ಅರ್ಧ ಸಿಬ್ಬಂದಿಗೆ ತೋರಿಕೆಯ ರಕ್ಷಣೆ ಕೊಟ್ಟ ಹಾಗೆ. ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸದೆ ಮಲಗಿದರೆ ಪರದೆ ಎಷ್ಟು ಒಳ್ಳೆಯದಾದರೇನು?

ಹಾಕುವ ಕ್ರಮ ಹೀಗೆ. ಬಟ್ಟಲನ್ನು ಅಂಗೈಯಲ್ಲಿ ಹಿಡಿಯಿರಿ, ಮೂಗಿನ ಕಂಬಿ ಬೆರಳ ತುದಿಯ ಕಡೆ ಇರಲಿ, ಪಟ್ಟಿಗಳು ಕೆಳಗೆ ಜೋತಾಡಲಿ. ಗಲ್ಲದ ಕೆಳಗಿಂದ ಮುಖಕ್ಕೆ ಒತ್ತಿ. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗದಲ್ಲಿ ಎತ್ತರಕ್ಕೆ ಕೂರಬೇಕು, ಕೆಳಗಿನದು ಕಿವಿಯ ಕೆಳಗೆ, ಕತ್ತಿನ ಸುತ್ತ. ಎರಡೂ ಒಂದನ್ನೊಂದು ದಾಟಬಾರದು. ತುರುಬು ಕಟ್ಟಿದವರು ಮೇಲಿನ ಪಟ್ಟಿಯನ್ನು ತುರುಬಿನ ಮೇಲ್ಭಾಗಕ್ಕೆ ಹಾಕಬೇಕು. ಕೆಳಗೆ ಹಾಕಿದರೆ ಜಾರಿ ಕತ್ತಿಗಿಳಿದು, ಮೂಗಿನ ಬಳಿ ಅಂಚು ಸಡಿಲವಾಗುತ್ತದೆ. ತಲೆವಸ್ತ್ರದ ಅಂಚು ಮಾಸ್ಕಿನ ಅಂಚಿನಡಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ.

ಕಂಬಿ ಕೂರಿಸುವಾಗ ಎರಡೂ ಕೈ ಬೇಕು. ಹೆಚ್ಚಿನವರು ಒಂದೇ ಕೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚಿವುಟುತ್ತಾರೆ. ಆಗ ಕಂಬಿ ನಡುವೆ ಚೂಪಾಗಿ ಮಡಚಿ, ಮೂಗಿನ ಎರಡೂ ಬದಿ ಸಣ್ಣ ಸುರಂಗದಂತಹ ಸಂದಿ ಉಳಿಯುತ್ತದೆ. ಎರಡೂ ಕೈಯ ಬೆರಳುಗಳನ್ನು ಮೂಗಿನ ನಡುವಿಂದ ಕೆನ್ನೆಯ ಕಡೆಗೆ ಒತ್ತುತ್ತಾ ಸರಿಸಿ. ನಂತರ ಎರಡೂ ಅಂಗೈಯಿಂದ ಬಟ್ಟಲನ್ನು ಪೂರ್ತಿ ಮುಚ್ಚಿ ಉಸಿರು ಬಿಡಿ. ಮೂಗಿನ ಬಳಿಯೋ ಕೆನ್ನೆಯ ಬಳಿಯೋ ಗಾಳಿ ತಾಗಿದರೆ ಮತ್ತೆ ಸರಿಪಡಿಸಿ. ಒಮ್ಮೆ ಜೋರಾಗಿ ಉಸಿರೆಳೆಯಿರಿ; ಮಾಸ್ಕ್ ಸ್ವಲ್ಪ ಒಳಕ್ಕೆ ಎಳೆದುಕೊಳ್ಳಬೇಕು. ಕನ್ನಡಕಕ್ಕೆ ಮಂಜು ಕವಿಯುತ್ತಿದ್ದರೆ ಅದು ಮೂಗಿನ ಬಳಿ ಸೋರುತ್ತಿರುವುದರ ಗುರುತು.

ಎನ್95ರ ಒಳಗೆ ಸರ್ಜಿಕಲ್ ಮಾಸ್ಕ್ ಹಾಕಿಕೊಳ್ಳುವ ಅಭ್ಯಾಸವನ್ನು ದಯವಿಟ್ಟು ನಿಲ್ಲಿಸಿ. ಒಳಗಿನ ಮಾಸ್ಕಿನ ಮಡಿಕೆಗಳ ಮೂಲಕ ಗಾಳಿ ಸಲೀಸಾಗಿ ಒಳಗೆ ನುಗ್ಗುತ್ತದೆ. ಎರಡು ಹಾಕಿಕೊಂಡು ಒಂದರ ರಕ್ಷಣೆಯನ್ನೂ ಕಳೆದುಕೊಂಡಂತೆ. ಗಡ್ಡದ ವಿಷಯವೂ ಇದೇ. ಒಂದು ದಿನದ ಕುರುಚಲು ಗಡ್ಡವೂ ಅಂಚನ್ನು ಮುಖದಿಂದ ಎತ್ತಿ ಹಿಡಿಯುತ್ತದೆ.

ಮಡಚುವ 1870+

ಮೂರು ಪಟ್ಟೆಗಳ (ಮಡಚುವ ಭಾಗಗಳ), ಚಪ್ಪಟೆಯಾಗಿ ಮಡಚಿದ, ಒಂದೊಂದಾಗಿ ಪ್ಯಾಕ್ ಮಾಡಿದ ಮಾಸ್ಕ್ ಇದು. ದ್ರವ ತಡೆಯುವುದರಲ್ಲಿ 160 ಮಿಲಿಮೀಟರ್ ಪಾದರಸ, ಅಂದರೆ 1860ಕ್ಕಿಂತ ಒಂದು ಮೆಟ್ಟಿಲು ಮೇಲೆ. ಮಾತಾಡುವಾಗ ಕೆಳಗಿನ ಪಟ್ಟೆ ದವಡೆಯ ಜೊತೆ ಚಲಿಸುವುದರಿಂದ ಅಂಚು ಜಾಗ ಬಿಡುವುದು ಕಡಿಮೆ. ಡ್ಯೂಟಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುತ್ತಾ ನಿರಂತರ ಮಾತಾಡಬೇಕಾದ ನರ್ಸ್‌ಗಳಿಗೆ ಇದು ನಿಜಕ್ಕೂ ಅನುಕೂಲ. ಬಟ್ಟಲು ಒಗ್ಗದ ಎಷ್ಟೋ ಮುಖಗಳಿಗೆ ಇದು ಕೂರುತ್ತದೆ.

ತೊಂದರೆ ಬರುವುದು ಬಿಡಿಸುವಾಗ. ಮೇಲಿನ ಮತ್ತು ಕೆಳಗಿನ ಪಟ್ಟೆಗಳನ್ನು ಪೂರ್ತಿ ತೆರೆಯಬೇಕು. ಆತುರದಲ್ಲಿ ಗಲ್ಲದ ಪಟ್ಟೆ ಒಳಗೇ ಮಡಚಿಕೊಂಡು ಉಳಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ, ಗಲ್ಲದಡಿ ಬಾಯಿ ತೆರೆದುಕೊಂಡಿರುತ್ತದೆ. ಕಂಬಿ ಮೇಲೆ ಬರುವಂತೆ ಹಿಡಿಯಬೇಕೆಂಬುದನ್ನು ಮೊದಲ ಸಲ ಹಾಕುವವರಿಗೆ ತೋರಿಸಿಕೊಡಲೇಬೇಕು. ಚಪ್ಪಟೆಯಾಗಿರುವುದರಿಂದ ಬಳಸಿದ್ದನ್ನೇ ಮಡಚಿ ಏಪ್ರನ್ ಜೇಬಿಗೆ ಹಾಕಿಕೊಳ್ಳುವ ಆಸೆಯೂ ಆಗುತ್ತದೆ. ಹಾಗೆ ಮಾಡಿದರೆ ಹೊರಮೈಯ ಕೊಳೆ ಒಳಮೈಗೂ ಜೇಬಿಗೂ ಅಂಟುತ್ತದೆ.

1860, 1860ಎಸ್, 1870+ ಈ ಮೂರರಲ್ಲಿ ಕನಿಷ್ಠ ಎರಡು ಬಗೆಯನ್ನಾದರೂ ಸ್ಟೋರಿನಲ್ಲಿ ಇಡಬೇಕು. ಒಂದೇ ಮಾದರಿ ಎಲ್ಲರಿಗೂ ಆಗುವುದಿಲ್ಲ.

ಕಿವಿಪಟ್ಟಿಯವು

ಔಷಧಿ ಅಂಗಡಿಯಲ್ಲಿ ಎನ್95 ಎಂದು ಕೊಡುವ ಬಹುತೇಕ ಮಾಸ್ಕ್‌ಗಳಿಗೆ ಪಟ್ಟಿ ಇರುವುದು ಕಿವಿಗೆ. ಕಿವಿ ತಾಳುವಷ್ಟು ಸಡಿಲವಾಗಿ ಎಳೆದ ಪಟ್ಟಿ ಅಂಚನ್ನು ಮುಖಕ್ಕೆ ಒತ್ತಿ ಹಿಡಿಯುವುದಿಲ್ಲ, ಕಾರಣ ಇಷ್ಟು ಸರಳ. ಪಟ್ಟಿಯ ಮಹತ್ವ ಎಷ್ಟೆಂದು ನಾರ್ತ್ ಕರೋಲಿನಾ ವಿಶ್ವವಿದ್ಯಾಲಯದವರು 2020ರಲ್ಲಿ ಮಾಡಿದ ಪರೀಕ್ಷೆ ತೋರಿಸುತ್ತದೆ: ಮುಖದ ಮೇಲೆ ಹಾಕಿದ ಸ್ಥಿತಿಯಲ್ಲಿ, ದಾರ ಕಟ್ಟುವ ಸರ್ಜಿಕಲ್ ಮಾಸ್ಕ್ ಶೇ 71.5ರಷ್ಟು ಕಣ ತಡೆದರೆ, ಕಿವಿಪಟ್ಟಿಯ ಅಂಥದೇ ಮಾಸ್ಕ್ ತಡೆದದ್ದು ಶೇ 38.1 ಮಾತ್ರ. ಹೊರರೋಗಿ ವಿಭಾಗದ ನೋಂದಣಿ ಕೌಂಟರಿಗೆ, ಸಂದರ್ಶಕರಿಗೆ ಕಿವಿಪಟ್ಟಿಯವು ಪರವಾಗಿಲ್ಲ. ರೋಗಿಯ ಪಕ್ಕ ನಿಲ್ಲುವವರಿಗೆ ಸಲ್ಲದು.

ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ನಿಯೋಶ್‌ನ ಮಾನ್ಯತೆ ಪಡೆದ ಎನ್95ಗೆ ಕಿವಿಪಟ್ಟಿ ಇರುವುದಿಲ್ಲ. ಹಾಗಾಗಿ ಕಿವಿಪಟ್ಟಿಯ ಮಾಸ್ಕ್ ಮೇಲೆ ನಿಯೋಶ್ ಎಂದು ಅಚ್ಚಾಗಿದ್ದರೆ ಅದು ನಕಲಿ. ಅಸಲಿಯದರ ಮೇಲೆ ಕಂಪನಿ ಹೆಸರು, ಮಾದರಿ, ಲಾಟ್ ಸಂಖ್ಯೆ ಮತ್ತು ಟಿಸಿ-84ಎ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. 1860ಕ್ಕೆ ಅದು ಟಿಸಿ-84ಎ-0006. ಭಾರತೀಯ ಮಾಸ್ಕ್ ಆದರೆ ಐಎಸ್ 9473 ಎಂಬ ಭಾರತೀಯ ಮಾನಕದ ಎಫ್‌ಎಫ್‌ಪಿ2 (ಎನ್95ಗೆ ಸಮೀಪದ ದರ್ಜೆ) ಗುರುತು ನೋಡಿ. ಕವಾಟ ಇರುವ ಮಾಸ್ಕ್ ಆಸ್ಪತ್ರೆಗೆ ಬೇಡವೇ ಬೇಡ. ಹಾಕಿಕೊಂಡವರ ಉಸಿರನ್ನು ಅದು ಸೋಸದೆ ಹೊರಬಿಡುತ್ತದೆ. ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶಕರು 2020ರ ಜುಲೈನಲ್ಲೇ ಇದರ ಬಗ್ಗೆ ರಾಜ್ಯಗಳಿಗೆ ಎಚ್ಚರಿಕೆಯ ಪತ್ರ ಬರೆದಿದ್ದರು.

ಫಿಟ್ ಟೆಸ್ಟ್ ಕಿಟ್: ಮಾಸ್ಕಿನಷ್ಟೇ ಮುಖ್ಯ

ನಿಯೋಶ್ ಮಾನ್ಯತೆ ಕೊಡುವಾಗ ನಿಮಿಷಕ್ಕೆ 85 ಲೀಟರ್ ಗಾಳಿ ಹರಿಸಿ, ಸೋಸು ಪದರ ಕನಿಷ್ಠ ಶೇ 95ರಷ್ಟು ಕಣ ಹಿಡಿಯುತ್ತದೆಯೇ ಎಂದು ನೋಡುತ್ತಾರೆ. ಯಾರ ಮುಖಕ್ಕೆ ಕೂರುತ್ತದೆ ಎಂಬುದನ್ನು ಆ ಪರೀಕ್ಷೆ ಹೇಳುವುದಿಲ್ಲ. ಅದನ್ನು ನೀವೇ ನೋಡಿಕೊಳ್ಳಬೇಕು, ಅದಕ್ಕಾಗಿಯೇ ಫಿಟ್ ಟೆಸ್ಟ್: ರುಚಿಯ ಮಂಜು ಅಂಚಿನಿಂದ ಒಳಗೆ ಸೋರಿ ಬಾಯಿಗೆ ತಿಳಿಯುತ್ತದೆಯೇ ಎಂದು ನೋಡುವುದು. ಮಾಸ್ಕ್‌ಗೆ ಹಣ ಸುರಿದು ಈ ಕಿಟ್ ತರಿಸದ ಆಸ್ಪತ್ರೆಗಳೇ ಹೆಚ್ಚು ಎಂಬುದು ಬೇಸರದ ಸಂಗತಿ.

ಕಿಟ್‌ನಲ್ಲಿರುವುದು ತಲೆ, ಭುಜ ಮುಚ್ಚುವ ಒಂದು ಪಾರದರ್ಶಕ ಗವಸು, ದ್ರಾವಣವನ್ನು ಮಂಜಾಗಿಸಲು ಕೈಯಿಂದ ಒತ್ತುವ ಎರಡು ನೆಬ್ಯುಲೈಸರ್, ಒಂದೇ ರುಚಿಯ ತೆಳು ಮತ್ತು ಗಟ್ಟಿ ಎರಡು ದ್ರಾವಣ. ಸ್ಯಾಕರಿನ್ ಆದರೆ ಸಿಹಿ, ಬಿಟ್ರೆಕ್ಸ್ ಆದರೆ ಕಹಿ. ಸ್ಯಾಕರಿನ್ ಪರೀಕ್ಷಾ ದ್ರಾವಣ 100 ಮಿಲಿಲೀಟರ್ ನೀರಿಗೆ 83 ಗ್ರಾಂ ಸೋಡಿಯಂ ಸ್ಯಾಕರಿನ್. ರುಚಿ ತಿಳಿಯುತ್ತದೆಯೇ ಎಂದು ನೋಡುವ ದ್ರಾವಣ ಅದರ ನೂರನೇ ಒಂದು ಪಾಲು ತೀಕ್ಷ್ಣತೆಯದು. ಪರೀಕ್ಷೆಗೆ 15 ನಿಮಿಷ ಮೊದಲಿನಿಂದ ನೀರು ಬಿಟ್ಟು ಬೇರೇನೂ ತಿನ್ನಬಾರದು, ಕುಡಿಯಬಾರದು. ಎಲೆ ಅಡಿಕೆ ಹಾಕಿದ ಬಾಯಿಗೆ ಸಿಹಿಯೂ ತಿಳಿಯದು, ಕಹಿಯೂ ತಿಳಿಯದು.

ಮೊದಲು ಮಾಸ್ಕ್ ಇಲ್ಲದೆ ಗವಸು ಹಾಕಿಸಿ, ಬಾಯಿ ಅರೆ ತೆರೆದು ನಾಲಿಗೆ ಸ್ವಲ್ಪ ಹೊರಚಾಚಿ ಉಸಿರಾಡಲು ಹೇಳಿ, ತೆಳು ದ್ರಾವಣವನ್ನು 10 ಸಲ ಒತ್ತಿ. ರುಚಿ ಸಿಕ್ಕರೆ ಅವರ ಲೆಕ್ಕ 10. ಸಿಗದಿದ್ದರೆ 20, ಆಮೇಲೆ 30. ಮೂವತ್ತಕ್ಕೂ ಸಿಗದಿದ್ದರೆ ಆ ರುಚಿ ಅವರಿಗೆ ನಡೆಯುವುದಿಲ್ಲ, ಇನ್ನೊಂದು ರುಚಿಯದಕ್ಕೆ ಬದಲಿಸಿ. ಬಾಯಿ ಮುಕ್ಕಳಿಸಿ ರುಚಿ ಹೋದ ಮೇಲೆ ಮಾಸ್ಕ್ ಹಾಕಿಸಿ, ಗವಸು ತೊಡಿಸಿ, ಈಗ ಗಟ್ಟಿ ದ್ರಾವಣವನ್ನು ಅದೇ ಲೆಕ್ಕಕ್ಕೆ ಒತ್ತಿ. ಅಲ್ಲಿಂದ ಪ್ರತಿ 30 ಸೆಕೆಂಡಿಗೆ ಅದರ ಅರ್ಧದಷ್ಟು ಒತ್ತುತ್ತಾ ಹೋಗಿ. ಒಳಗಿರುವವರು ತಲಾ ಒಂದು ನಿಮಿಷ ಸಹಜ ಉಸಿರಾಟ, ಆಳ ಉಸಿರಾಟ, ತಲೆ ಎಡಬಲ ತಿರುಗಿಸುವುದು, ಮೇಲೆ ಕೆಳಗೆ ಮಾಡುವುದು, ಮಾತಾಡುವುದು, ಸೊಂಟ ಬಾಗಿಸುವುದು, ಮತ್ತೆ ಸಹಜ ಉಸಿರಾಟ, ಹೀಗೆ ಏಳು ನಿಮಿಷ ಕಳೆಯಬೇಕು. ಮಾತಿನ ನಿಮಿಷಕ್ಕೆ ನೂರರಿಂದ ಹಿಮ್ಮುಖವಾಗಿ ಎಣಿಸಬಹುದು, ಬಾಯಿಪಾಠ ಬರುವ ಪದ್ಯವನ್ನೂ ಹೇಳಬಹುದು. ನಡುವೆ ರುಚಿ ತಿಳಿದರೆ ಅಲ್ಲಿಗೇ ಫೇಲ್. ಒಮ್ಮೆ ಸರಿಯಾಗಿ ಹಾಕಿಸಿ ನೋಡಿ. ಆಗಲೂ ಫೇಲ್ ಆದರೆ ಪಟ್ಟಿ ಬಿಗಿಯುವ ಸಾಹಸ ಬೇಡ, ಬೇರೆ ಮಾದರಿ ಕೊಡಿ.

ಸುಳ್ಳು ಪಾಸ್ ಬರುವುದು ಎಲ್ಲಿಂದ ಗೊತ್ತೇ? ಸ್ಯಾಕರಿನ್ ದ್ರಾವಣ ಎಷ್ಟು ಗಟ್ಟಿಯೆಂದರೆ ನೆಬ್ಯುಲೈಸರಿನ ತೂತಿನಲ್ಲಿ ಹರಳುಗಟ್ಟಿ ಕಟ್ಟಿಕೊಳ್ಳುತ್ತದೆ. ಬಲ್ಬ್ ಒತ್ತುತ್ತಿರುತ್ತೀರಿ, ಮಂಜು ಬರುತ್ತಿರುವುದಿಲ್ಲ, ಎಲ್ಲರೂ ಪಾಸಾಗುತ್ತಾ ಹೋಗುತ್ತಾರೆ. ನಾಲ್ಕು ಗಂಟೆಗೊಮ್ಮೆಯಾದರೂ ನೀರಿನಲ್ಲಿ ತೊಳೆದು, ಕೊಡವಿ, ಹೊಸ ದ್ರಾವಣ ತುಂಬಿ. ಕಟ್ಟಿಕೊಂಡದ್ದು ಕಂಡರೆ ಆ ಪರೀಕ್ಷೆಗಳನ್ನು ರದ್ದು ಮಾಡಿ ಮತ್ತೆ ಮಾಡಿ. ಎರಡು ನೆಬ್ಯುಲೈಸರ್‌ಗಳ ಮೇಲೂ ದೊಡ್ಡದಾಗಿ ಗುರುತು ಹಾಕಿ. ಅದಲುಬದಲಾದರೆ ಇಡೀ ದಿನದ ಕೆಲಸ ವ್ಯರ್ಥ. ವರ್ಷಕ್ಕೊಮ್ಮೆ, ಮತ್ತು ತೂಕ ತೀರಾ ಬದಲಾದಾಗ, ಹಲ್ಲು ಕೀಳಿಸಿಕೊಂಡಾಗ ಮತ್ತೆ ಪರೀಕ್ಷೆ ಬೇಕು. ಯಾವ ಮಾದರಿ, ಯಾವ ಅಳತೆ ಎಂಬುದನ್ನು ಗುರುತಿನ ಚೀಟಿಯ ಹಿಂದೆ ಬರೆದಿಟ್ಟರೆ ರಾತ್ರಿ ಪಾಳಿಯ ಸ್ಟೋರಿನವರಿಗೂ ಗೊಂದಲವಿಲ್ಲ.

ಬಿಚ್ಚುವಾಗ, ಮರುಬಳಸುವಾಗ, ಕುಳಿತು ಉಣ್ಣುವಾಗ

ಮೊದಲು ಗ್ಲೌಸ್, ಶೀಲ್ಡ್, ಗೌನ್ ತೆಗೆದು ಕೈ ಶುಚಿಗೊಳಿಸಿ. ರೋಗಿಯ ಕೋಣೆಯಿಂದ ಹೊರಬಂದು ಬಾಗಿಲು ಮುಚ್ಚಿದ ಮೇಲೆಯೇ ಮಾಸ್ಕ್. ಮುಂಭಾಗ ಮುಟ್ಟದೆ ಕೆಳಗಿನ ಪಟ್ಟಿಯನ್ನು ತಲೆಯ ಮೇಲಿಂದ ಎಳೆದು ಕೈಯಲ್ಲೇ ಹಿಡಿದಿರಿ, ನಂತರ ಮೇಲಿನ ಪಟ್ಟಿ. ಮೇಲಿನದನ್ನು ಮೊದಲು ತೆಗೆದರೆ ಬಟ್ಟಲು ಜಾರಿ ಎದೆಗೆ ಬಡಿಯುತ್ತದೆ, ಹಿಡಿಯಲು ಹೋದ ಕೈ ಅದರ ಹೊರಮೈಯನ್ನೇ ಹಿಡಿಯುತ್ತದೆ. ಮತ್ತೆ ಕೈ ಶುಚಿ. ಮಾಸ್ಕ್ ಮತ್ತು ತಲೆಗವಸು ಹಳದಿ ಚೀಲಕ್ಕೆ. ನೈಟ್ರೈಲ್ ಗ್ಲೌಸ್, ಕನ್ನಡಕ, ಶೀಲ್ಡ್, ಪ್ಲಾಸ್ಟಿಕ್ ಕವರಾಲ್ ಕೆಂಪು ಚೀಲಕ್ಕೆ ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕೋವಿಡ್ ಮಾರ್ಗಸೂಚಿ ಹೇಳಿತ್ತು.

ಮರುಬಳಕೆ ಕೊರತೆಯ ಕಾಲದ ಅನಿವಾರ್ಯ ಮಾತ್ರ. 2020ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೊಟ್ಟ ಸರದಿ ಪದ್ಧತಿ ಪಾಲಿಸಲು ಸುಲಭ: ಒಬ್ಬರಿಗೆ ಐದು ಮಾಸ್ಕ್, ದಿನಕ್ಕೊಂದು, ಬಳಸಿದ್ದನ್ನು ಗಾಳಿಯಾಡುವ ಕಾಗದದ ಚೀಲದಲ್ಲಿ ಹೆಸರು, ದಿನಾಂಕ ಬರೆದು ಇಡುವುದು, ಐದು ದಿನದ ನಂತರ ಮತ್ತೆ ಅದರ ಸರದಿ. ಒಂದು ಮಾಸ್ಕ್ ಐದಕ್ಕಿಂತ ಹೆಚ್ಚು ಸಲ ಹಾಕಬಾರದು, ಏಕೆಂದರೆ ಅಷ್ಟರಲ್ಲಿ ಪಟ್ಟಿ ಎಳೆದು ಸೋತು ಅಂಚು ಸಡಿಲವಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಉಸಿರಿನ ತೇವ ಒಣಗುವುದಿಲ್ಲ. ಸ್ಯಾನಿಟೈಸರ್ ಸಿಂಪಡಿಸುವುದು, ಸೋಪಿನಲ್ಲಿ ತೊಳೆಯುವುದು ಖಂಡಿತ ಕೂಡದು: ಸೋಸು ಪದರ ಕಣಗಳನ್ನು ಹಿಡಿಯುವುದು ಅದರಲ್ಲಿ ತುಂಬಿದ ಸ್ಥಿರ ವಿದ್ಯುತ್ತಿನಿಂದ, ಆಲ್ಕೋಹಾಲ್ ಅದನ್ನು ಅಳಿಸಿಹಾಕುತ್ತದೆ. ನೋಡಲು ಮಾಸ್ಕ್ ಹೊಸದರಂತೆಯೇ ಇರುತ್ತದೆ, ಅದೇ ಅಪಾಯ.

ಎನ್95 ಮತ್ತು ಸರ್ಜಿಕಲ್ ಮಾಸ್ಕ್‌ಗಳನ್ನು ಹೋಲಿಸಿದ, ಕೆನಡಾ, ಇಸ್ರೇಲ್, ಪಾಕಿಸ್ತಾನ, ಈಜಿಪ್ಟ್‌ಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೋಂಕಿನ ಪ್ರಮಾಣ ಶೇ 9.27 ಮತ್ತು ಶೇ 10.46 ಇತ್ತು, ಅಂದರೆ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ಇದನ್ನೇ ಹಿಡಿದು ಎನ್95 ಬೇಡ ಎನ್ನುವವರಿದ್ದಾರೆ. ಆ ವಾದ ಒಪ್ಪಲಾಗದು. ಸಿಬ್ಬಂದಿಗೆ ಸೋಂಕು ಮನೆಯಿಂದಲೂ ಊರಿನಿಂದಲೂ ಊಟದ ಕೋಣೆಯಿಂದಲೂ ಬರುವಾಗ, ವಾರ್ಡಿನಲ್ಲಿ ಮಾತ್ರ ಹಾಕುವ ಮಾಸ್ಕಿನ ಗುಣ ಒಟ್ಟು ಲೆಕ್ಕದಲ್ಲಿ ಮಸುಕಾಗುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ನ ಆಡನ್‌ಬ್ರೂಕ್ಸ್ ಆಸ್ಪತ್ರೆ ಕೋವಿಡ್ ವಾರ್ಡುಗಳಲ್ಲಿ ಸರ್ಜಿಕಲ್ ಮಾಸ್ಕ್ ಬಿಟ್ಟು ಎಫ್‌ಎಫ್‌ಪಿ2ಗಿಂತ ಮೇಲಿನ ದರ್ಜೆಯ ಎಫ್‌ಎಫ್‌ಪಿ3ಗೆ ಬದಲಿಸಿದಾಗ, ಆ ವಾರ್ಡಿನ ಸಿಬ್ಬಂದಿಗೆ ಅಲ್ಲಿಂದ ತಗಲುತ್ತಿದ್ದ ಸೋಂಕು ಬಹುಪಾಲು ಇಳಿಯಿತು.

ವಾರ್ಡಿನ ಸೋಂಕನ್ನು ಮಾಸ್ಕ್ ತಡೆದರೂ ಊಟದ ಕೋಣೆಯದು ಉಳಿಯುತ್ತದೆ. ಹಾಗಾಗಿ ಮಾಸ್ಕಿನ ಇಂಡೆಂಟಿನ ಜೊತೆಗೇ ವಿಶ್ರಾಂತಿ ಕೋಣೆಗೊಂದು ಎಕ್ಸಾಸ್ಟ್ ಫ್ಯಾನಿಗೂ ಇಂಡೆಂಟ್ ಹಾಕಿ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯ ಗಾಳಿ ಸುಮಾರು 34 ಘನ ಮೀಟರ್. ಅದು ಗಂಟೆಗೆ 12 ಸಲ ಬದಲಾಗಬೇಕಾದರೆ ಗಂಟೆಗೆ 408 ಘನ ಮೀಟರ್ ಎಳೆಯುವ ಫ್ಯಾನ್ ಬೇಕು. ಆ ಸಂಖ್ಯೆಯನ್ನು ಫ್ಯಾನಿನ ಪೆಟ್ಟಿಗೆಯ ಮೇಲೆ ನೋಡಿ. ಆ ವೇಗದಲ್ಲಿ ಗಾಳಿಯಲ್ಲಿ ತೇಲುವ ಕಣಗಳಲ್ಲಿ ಶೇ 99ರಷ್ಟು ಹೋಗಲು 23 ನಿಮಿಷ ಸಾಕು. 6 ಸಲ ಮಾತ್ರ ಬದಲಾದರೆ 46 ನಿಮಿಷ. ಎದುರು ಗೋಡೆಯ ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ಫ್ಯಾನ್ ತಿರುಗಿದರೂ ಗಾಳಿ ಬರುವುದಿಲ್ಲ. ಸ್ಪ್ಲಿಟ್ ಎಸಿ ಇದ್ದ ಗಾಳಿಯನ್ನೇ ಸುತ್ತಿಸುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಊಟದ ಸಮಯವನ್ನು ಸರದಿಯಂತೆ ಹಂಚಿ, ಎದುರುಬದುರು ಕೂರದ ಹಾಗೆ ಕುರ್ಚಿ ಹಾಕಿಸಿ.

ಕೊನೆಗೆ ಸ್ಟೋರ್ ಕೀಪರ್‌ಗಳಿಗೆ. 1860 ಮತ್ತು 1870+ ಎರಡೂ ಪೆಟ್ಟಿಗೆಗೆ 20, ದೊಡ್ಡ ಕೇಸಿಗೆ 120 ಬರುತ್ತವೆ. ತಯಾರಾದ ದಿನದಿಂದ ಐದು ವರ್ಷ ಬಾಳಿಕೆ. ಆದರೆ ಆ ಐದು ವರ್ಷ 30 ಡಿಗ್ರಿ ಸೆಲ್ಸಿಯಸ್ ಮೀರದ, ತೇವಾಂಶ ಶೇ 80 ದಾಟದ ಜಾಗದಲ್ಲಿಟ್ಟರೆ ಮಾತ್ರ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಶೀಟಿನ ಮಾಡಿನಡಿ, ಮಂಗಳೂರಿನ ಮಳೆಗಾಲದಲ್ಲಿ ಕಿಟಕಿ ಪಕ್ಕ ಇಟ್ಟ ಪೆಟ್ಟಿಗೆಗೆ ಆ ದಿನಾಂಕ ಅನ್ವಯಿಸುವುದಿಲ್ಲ. ಲಸಿಕೆ, ಇನ್ಸುಲಿನ್ ಫ್ರಿಜ್ ಇರುವ ತಂಪು ಕೋಣೆಯಲ್ಲೇ ಒಂದು ಕಪಾಟು ಬಿಡಿಸಿಕೊಳ್ಳಿ. ಹಳೆಯ ಲಾಟ್ ಮೊದಲು ಕೊಡಿ. ಕೊಡುವ ಮುನ್ನ ಪ್ರತಿ ಪೆಟ್ಟಿಗೆಯಿಂದ ಒಂದನ್ನು ತೆಗೆದು ಎರಡೂ ಪಟ್ಟಿ ಎಳೆದು ನೋಡಿ, ಮೂಗಿನ ಫೋಮ್ ಬೆರಳಿಗೆ ಪುಡಿಯಾಗುತ್ತದೆಯೇ ಎಂದು ಒತ್ತಿ ನೋಡಿ. ಪಟ್ಟಿ ಬಿರುಕು ಬಿಟ್ಟಿದ್ದರೆ ಅಥವಾ ಫೋಮ್ ಉದುರಿದರೆ ಆ ಪೆಟ್ಟಿಗೆಯನ್ನು ವಾರ್ಡಿಗೆ ಕಳಿಸಬೇಡಿ.